4 ಮಿ.ಮೀ. ಶಾಫ್ಟಿಗೆ ಬಾಲ್ ಬೇರಿಂಗ್ ಹಾಕಬೇಕಾ, ಬುಷ್ಷೇ ಸಾಕಾ? (ರೇಡಿಯೊ ಕಂಟ್ರೋಲ್ ಟ್ರಾಲ್ ಬೋಟ್)

ಕೆರೆಏರಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮಲ್ಪೆ ಕಡೆಯ ಟ್ರಾಲ್ ಬೋಟಿನ 1:20 ಮಾದರಿ ಕಟ್ಟುತ್ತಿದ್ದೇನೆ. ಫೈಬರ್‌ಗ್ಲಾಸ್ ಹಲ್ (ಬೋಟಿನ ಮೈ), ಉದ್ದ 90 ಸೆಂ.ಮೀ., ಬ್ಯಾಟರಿ ಸೇರಿ ತೂಕ ಆರೂವರೆ ಕೆ.ಜಿ. ಶಾಫ್ಟ್ ರೆಡಿಮೇಡ್ ಸೆಟ್: 4 ಮಿ.ಮೀ. ಸ್ಟೇನ್‌ಲೆಸ್ ರಾಡ್, 300 ಮಿ.ಮೀ. ಹಿತ್ತಾಳೆ ಟ್ಯೂಬ್ (ಹೊರವ್ಯಾಸ 8, ಒಳವ್ಯಾಸ 7), ಎರಡೂ ತುದಿಗೆ ಹಿತ್ತಾಳೆ ಬುಷ್ (ಶಾಫ್ಟ್ ತನ್ನೊಳಗೆ ತಿರುಗುವ ಸಾದಾ ಕೊಳವೆ ತುಂಡು). ನಡುವೆ ಏನೂ ಇಲ್ಲ. ಮೋಟರ್ 700 ಕೆವಿ (ವೋಲ್ಟಿಗೆ 700 ಆರ್‌ಪಿಎಂ) ಔಟ್‌ರನ್ನರ್, 3 ಸೆಲ್ ಲಿಪೊ, ಪ್ರೊಪೆಲ್ಲರ್ 50 ಮಿ.ಮೀ. ಮೂರು ಎಲೆಯ ಹಿತ್ತಾಳೆಯದು, ಎಂ4 ಥ್ರೆಡ್.

ತೊಂದರೆ ಎರಡು. ಥ್ರೊಟಲ್ ಮೂರನೇ ಎರಡು ಭಾಗ ದಾಟುವಷ್ಟರಲ್ಲಿ ಟ್ಯೂಬ್ ಊಳಿಡುತ್ತೆ, ಡೆಕ್ ಪೂರ್ತಿ ನಡುಗುತ್ತೆ. ಪ್ರೊಪೆಲ್ಲರ್ ಬಿಚ್ಚಿ ಓಡಿಸಿದರೂ ಅದೇ ಸದ್ದು, ಅದೇ ಜಾಗದಲ್ಲಿ. ಅದಕ್ಕಿಂತ ಕೆಳಗೆ ಸದ್ದೇ ಇಲ್ಲ. ಮೇಲೆ ಏರಿಸಲು ಧೈರ್ಯ ಸಾಲುತ್ತಿಲ್ಲ. ಎರಡನೆಯದು ನೀರು: ಅರ್ಧ ಗಂಟೆ ಓಡಿಸಿದರೆ ಒಳಗೆ ಎರಡು ಚಮಚದಷ್ಟು ಬಂದಿರುತ್ತೆ. ಹಿಂದಿನ ಬುಷ್ಷಿನಲ್ಲಿ ಪ್ಲೇ (ಅಲ್ಲಾಟ) ಕೈಗೆ ಸಿಗುತ್ತೆ, ಆ ಜಾಗದಲ್ಲಿ ಶಾಫ್ಟಿನ ಮೇಲೂ ಉಗುರಿಗೆ ತಾಗುವಂಥ ಗೀರು ಸುತ್ತಲೂ ಬಿದ್ದಿದೆ.

ಎರಡೂ ಕಡೆ ಬಾಲ್ ಬೇರಿಂಗ್ ಹಾಕಿಬಿಟ್ಟರೆ ಸರಿಹೋಗುತ್ತಾ? 624 ನಂಬರಿನ ಬೇರಿಂಗ್ ಎಲ್ಲ ಕಡೆ ಸಿಗುತ್ತೆ. ಝಡ್‌ಝಡ್ (ತಗಡಿನ ಮುಚ್ಚಳದ್ದು) ಒಳ್ಳೆಯದಾ, 2ಆರ್‌ಎಸ್ಸಾ (ರಬ್ಬರ್ ಮುಚ್ಚಳದ್ದು)? ಅಥವಾ ಡೆಲ್ರಿನ್ (ಅಸಿಟಾಲ್ ಪ್ಲಾಸ್ಟಿಕ್) ಬುಷ್ ಮಾಡಿಸಲಾ? ಗ್ರೀಸ್ ಯಾವುದು? ಓಡಿಸುವುದು ಹೆಚ್ಚಾಗಿ ಕೆರೆಯಲ್ಲಿ, ಊರಿಗೆ ಹೋದಾಗ ಅಳಿವೆಯಲ್ಲೂ.

---

ಲೇತ್‌ಮನೆ ಉತ್ತರ:

ಸದ್ದಿಗೂ ಬೇರಿಂಗ್ ಜಾತಿಗೂ ಸಂಬಂಧ ಇಲ್ಲ ಸರ್. ಬಾಲ್ ಬೇರಿಂಗ್ ಹಾಕಿದರೂ ಅದೇ ಜಾಗದಲ್ಲಿ ಅದೇ ಸದ್ದು ಬರುತ್ತೆ. ನೀವೇ ಸುಳಿವು ಕೊಟ್ಟಿದ್ದೀರಿ: ಪ್ರೊಪೆಲ್ಲರ್ ಇಲ್ಲದಿದ್ದರೂ ಒಂದೇ ವೇಗದಲ್ಲಿ ಶುರುವಾಗುತ್ತೆ ಅಂತ. ಅದು ಶಾಫ್ಟ್ ನಡುವಲ್ಲಿ ಬಿಲ್ಲಿನಂತೆ ಬಾಗಿ ಸುತ್ತುತ್ತಿರುವ ಸದ್ದು.

ಎರಡು ತುದಿಯಲ್ಲಿ ಮಾತ್ರ ಆಧಾರ ಇರುವ ಯಾವ ರಾಡಿಗೂ ಒಂದು ವೇಗ ಇರುತ್ತೆ, ಅಲ್ಲಿ ಅದು ತಾನಾಗಿ ಬಾಗಲು ಶುರುಮಾಡುತ್ತೆ. 4 ಮಿ.ಮೀ. ಸ್ಟೀಲ್ ರಾಡಿಗೆ ಲೆಕ್ಕ ಸುಲಭ. 46 ಕೋಟಿಯನ್ನು ಬುಷ್‌ನಿಂದ ಬುಷ್‌ಗೆ ಇರುವ ದೂರದ (ಮಿ.ಮೀ.ನಲ್ಲಿ) ವರ್ಗದಿಂದ ಭಾಗಿಸಿ. ನಿಮ್ಮ ಟ್ಯೂಬಿನಲ್ಲಿ ಆ ದೂರ ಸುಮಾರು 290 ಇರಬೇಕು, ಅಂದರೆ 5,470 ಆರ್‌ಪಿಎಂ. ಈಗ ಮೋಟರ್ ಕಡೆಯಿಂದ ನೋಡಿ. 700 ಕೆವಿಗೆ 3 ಸೆಲ್ ಬ್ಯಾಟರಿ 11.1 ವೋಲ್ಟ್ ಇದ್ದಾಗ 7,770, ಪೂರ್ತಿ ಚಾರ್ಜ್ ಆಗಿ 12.6 ಇದ್ದಾಗ 8,820. ಅದರ ಮೂರನೇ ಎರಡು ಭಾಗ 5,200ರಿಂದ 5,900. ಎರಡು ಲೆಕ್ಕವೂ ಒಂದೇ ಕಡೆ ಬಂದು ಕೂರುತ್ತವೆ. ಬುಷ್ ಸವೆದಷ್ಟೂ ಈ ವೇಗ ಇನ್ನೂ ಕೆಳಗಿಳಿಯುತ್ತೆ.

ಶಾಫ್ಟ್ ದಪ್ಪ ಮಾಡಿದರೆ ಹೆಚ್ಚು ಲಾಭ ಇಲ್ಲ. 5 ಮಿ.ಮೀ. ಹಾಕಿದರೆ ಕಾಲು ಭಾಗ ಏರುತ್ತೆ, 6,800 ಆಗುತ್ತೆ, ಅಷ್ಟೆ. ಆದರೆ ದೂರವನ್ನು ಅರ್ಧ ಮಾಡಿದರೆ ವೇಗ ನಾಲ್ಕು ಪಟ್ಟು ಏರುತ್ತೆ. ನಡುವೆ ಒಂದು ಬುಷ್ ಕೂರಿಸಿ: 145 ಮಿ.ಮೀ. ದೂರಕ್ಕೆ 21,000 ದಾಟುತ್ತೆ, ನಿಮ್ಮ ಮೋಟರ್ ಅಲ್ಲಿಗೆ ಹೋಗುವುದೇ ಇಲ್ಲ.

ಇದೇ ಸೂತ್ರ ಬೇರೆ ಶಾಫ್ಟುಗಳಿಗೂ ನಡೆಯುತ್ತೆ. 4 ಮಿ.ಮೀ. ರಾಡಿಗೆ 250 ಮಿ.ಮೀ. ದೂರಕ್ಕೆ 7,300, 200ಕ್ಕೆ 11,500. ನಿಮ್ಮ ಗರಿಷ್ಠ ವೇಗ ಇದರ ಮುಕ್ಕಾಲು ಭಾಗದೊಳಗೆ ಇರಲಿ. 3 ಮಿ.ಮೀ. ಶಾಫ್ಟಾದರೆ ಬಂದ ಉತ್ತರಕ್ಕೆ 0.75ರಿಂದ ಗುಣಿಸಿ.

ಇನ್ನು ಬೇರಿಂಗ್ ಆಯ್ಕೆ. ಹೊಸಬರು ಎಲ್ಲರೂ ಭಾರದ ಲೆಕ್ಕದಲ್ಲಿ ಯೋಚಿಸುತ್ತಾರೆ. ಮಾದರಿ ಬೋಟಿನ ಶಾಫ್ಟಿನಲ್ಲಿ ಭಾರ ಅನ್ನುವುದು ಇಲ್ಲವೇ ಇಲ್ಲ ಅನ್ನಬಹುದು. ಹಿಂದಿನ ಬುಷ್ ಹೊರುವುದು ಪ್ರೊಪೆಲ್ಲರ್ ತೂಕ, ಜೊತೆಗೆ ಅದರ ಅಸಮತೋಲನ; ಒಂದು ನ್ಯೂಟನ್ ಅಂದುಕೊಳ್ಳಿ. 10 ಮಿ.ಮೀ. ಉದ್ದದ ಬುಷ್ಷಿಗೆ ಒತ್ತಡ 0.025 ಮೆಗಾಪ್ಯಾಸ್ಕಲ್. 5,000 ಆರ್‌ಪಿಎಂಗೆ 4 ಮಿ.ಮೀ. ಶಾಫ್ಟಿನ ಮೇಲ್ಮೈ ವೇಗ ಸೆಕೆಂಡಿಗೆ 1.05 ಮೀಟರ್. ಎರಡರ ಗುಣಲಬ್ಧ 0.026. ಎಣ್ಣೆ ತುಂಬಿದ ಸಿಂಟರ್ಡ್ (ಲೋಹದ ಪುಡಿ ಒತ್ತಿ ಕಾಯಿಸಿ ಮಾಡಿದ) ಕಂಚಿನ ಬುಷ್ 1.75ರವರೆಗೆ ತಾಳುತ್ತೆ, ಏನೂ ಎಣ್ಣೆ ಇಲ್ಲದ ಸಾದಾ ಅಸಿಟಾಲ್ (ಡೆಲ್ರಿನ್) ಕೂಡ 0.1ರ ಹತ್ತಿರ ತಾಳುತ್ತೆ. ಆದ್ದರಿಂದ ಬುಷ್ ಸವೆಯುವುದು ಭಾರದಿಂದ ಅಲ್ಲ. ಮರಳು, ಒಣಗಿದ ಗ್ರೀಸ್, ಓರೆಯಾಗಿ ಕೂತ ಮೋಟರ್, ಈ ಮೂರರಿಂದ. ಬೇರಿಂಗ್ ಆರಿಸುವಾಗ ಈ ಮೂರನ್ನೇ ನೋಡಿ.

624 ನಿಮ್ಮ ಟ್ಯೂಬಿಗೆ ಹೋಗುವುದಿಲ್ಲ, ಅದರ ಹೊರವ್ಯಾಸ 13. ಎಂಆರ್84 ಅಂದರೆ 8, ಅದೂ ಹೋಗದು. 7 ಮಿ.ಮೀ. ಒಳವ್ಯಾಸಕ್ಕೆ ಇರುವುದು ಎಂಆರ್74 ಒಂದೇ, 4×7×2.5. ಒಳಗಿನ ಉಂಗುರ, ಗೋಲಿ, ಹೊರಗಿನ ಉಂಗುರ ಎಲ್ಲ ಸೇರಿ ಒಂದೂವರೆ ಮಿ.ಮೀ.ನಲ್ಲಿ ಹಿಡಿಸಬೇಕು. ಸಣ್ಣ ಗೋಲಿಗೆ ಒಂದು ಕಣ ಮರಳು ಸಿಕ್ಕರೂ ಸಾಕು, ಕರಕರ ಶುರು. ಝಡ್‌ಝಡ್ ಮುಚ್ಚಳ ತಗಡಿನದು, ಒಳಉಂಗುರಕ್ಕೆ ತಾಗದೆ ನಿಲ್ಲುತ್ತೆ, ನೀರು ಸಲೀಸಾಗಿ ಒಳಗೆ ಹೋಗುತ್ತೆ. 2ಆರ್‌ಎಸ್ ರಬ್ಬರ್ ತುಟಿ ಉಂಗುರಕ್ಕೆ ತಾಗುತ್ತೆ, ಆದರೆ ಅದು ಧೂಳು ಮತ್ತು ಎರಚಲು ನೀರಿಗೆ ಮಾಡಿದ್ದು, ಮುಳುಗಿ ಕೂರುವುದಕ್ಕಲ್ಲ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಬೇರಿಂಗ್ ಕ್ರೋಮ್ ಸ್ಟೀಲು, ಒದ್ದೆಯಾಗಿ ಒಂದು ರಾತ್ರಿ ಬಿಟ್ಟರೆ ತುಕ್ಕು.

ಜೊತೆಗೆ ಬಾಲ್ ಬೇರಿಂಗ್ ನೀರನ್ನು ತಡೆಯುವುದಿಲ್ಲ. ಉದ್ದನೆಯ ಬುಷ್, ಸಣ್ಣ ಸಂದು, ಅದರ ತುಂಬ ಗ್ರೀಸ್: ನೀರು ತಡೆಯುವುದು ಇದೇ. ನಿಮಗೆ ಹಿಂದೆ 12 ಮಿ.ಮೀ. ಉದ್ದದ ಫಾಸ್ಫರ್ ಬ್ರಾಂಜ್ ಬುಷ್, ನಡುವೆ 10 ಮಿ.ಮೀ. ಅಸಿಟಾಲ್, ಒಳತುದಿಗೆ 8 ಮಿ.ಮೀ. ಬ್ರಾಂಜ್. ನಾನು ಹೇಳುವುದು ಇಷ್ಟು.

ಒಂದು ಮಾತು ಕೇಳದೆಯೇ ಹೇಳುತ್ತೇನೆ. ಟ್ರಾಲ್ ಬೋಟಿಗೆ ಇಷ್ಟು ವೇಗ ಬೇಡ. ನಿಜವಾದ ಬೋಟ್ 9 ನಾಟ್ ಹೋದರೆ 1:20ಕ್ಕೆ ಅದನ್ನು 20ರ ವರ್ಗಮೂಲದಿಂದ ಭಾಗಿಸಬೇಕು, 2 ನಾಟ್, ಅಂದರೆ ಸೆಕೆಂಡಿಗೆ ಸುಮಾರು ಒಂದು ಮೀಟರ್. 50 ಮಿ.ಮೀ. ಪ್ರೊಪೆಲ್ಲರ್ 2,500–3,000 ಸುತ್ತಿಗೆ ಅಷ್ಟು ಕೊಡುತ್ತೆ. 2 ಸೆಲ್ ಬ್ಯಾಟರಿ ಸಾಕು. ನೋಡಲೂ ಅದೇ ಚೆಂದ, ಅಲೆ ಸರಿಯಾದ ಅಳತೆಗೆ ಏಳುತ್ತೆ.

---

ಅಳಿವೆಬಾಗಿಲು ಉತ್ತರ:

ಅಳಿವೆಯಲ್ಲಿ ಬಿಡ್ತೇನೆ ಅಂದಿರಲ್ಲ ಮಾರಾಯ್ರೆ, ಅಲ್ಲಿ ಲೆಕ್ಕ ಸ್ವಲ್ಪ ಬೇರೆ ಉಂಟು. ಉಪ್ಪು ನೀರಿಗೆ ಹಿತ್ತಾಳೆ ಬುಷ್ ಬೇಡವೇ ಬೇಡ. ಹಿತ್ತಾಳೆಯಲ್ಲಿರುವ ಸತುವನ್ನು ಉಪ್ಪು ನೀರು ಎಳೆದು ತೆಗೀತದೆ, ಉಳಿಯುವುದು ಕೆಂಪಗಿನ ತಾಮ್ರದ ಸ್ಪಂಜು. ಹೊರಗಿಂದ ಆಕಾರ ಹಾಗೇ ಇರ್ತದೆ, ಉಗುರಲ್ಲಿ ಕೆರೆದರೆ ಪುಡಿ. ಫಾಸ್ಫರ್ ಬ್ರಾಂಜಿನಲ್ಲಿ ಇರುವುದು ತವರ, ಅದಕ್ಕೆ ಈ ರೋಗ ಇಲ್ಲ.

ಶಾಫ್ಟ್ ಕೂಡ 304 ಅಲ್ಲ, 316 ತೆಗೊಳ್ಳಿ. 304 ಬಯಲಲ್ಲಿ ಚೆನ್ನಾಗಿಯೇ ಇರ್ತದೆ, ಆದರೆ ಬುಷ್ಷಿನ ಒಳಗೆ ಗಾಳಿ ಆಡದ ಸಂದಿಯಲ್ಲಿ ಉಪ್ಪು ನೀರು ನಿಂತರೆ ಅಲ್ಲೇ ಸಣ್ಣ ಸಣ್ಣ ಗುಂಡಿ ಬೀಳ್ತದೆ. ಆ ಗುಂಡಿಯ ಅಂಚು ಬುಷ್ಷನ್ನು ಅರದ ಹಾಗೆ ತಿಂತದೆ. ಓಡಿಸಿ ಬಂದ ಕೂಡ್ಲೆ ಶಾಫ್ಟ್ ಎಳೆದು ಸಿಹಿನೀರಲ್ಲಿ ತೊಳೆದು, ಟ್ಯೂಬಿಗೂ ಸಿರಿಂಜಲ್ಲಿ ನೀರು ಹಾಯಿಸಿ, ಒಣಗಿಸಿ ಹೊಸ ಗ್ರೀಸ್ ಹಾಕಿ ಇಡಿ. ನಾಳೆ ಮಾಡುವ ಅಂತ ಬಿಟ್ಟರೆ ಕೆಟ್ಟಿತು.

ಪ್ಲಾಸ್ಟಿಕ್ ಬುಷ್ ಅಂತ ಹೋಗಿ ನೈಲಾನ್ ತರಬೇಡಿ. ಅಂಗಡಿಯಲ್ಲಿ ಬಿಳಿ ರಾಡ್ ಕೇಳಿದರೆ ಎರಡನ್ನೂ ಒಂದೇ ಅಂತ ಕೊಡುವವರಿದ್ದಾರೆ. ನೈಲಾನ್ ನೀರು ಹೀರಿ ಉಬ್ಬುತ್ತದೆ. ನೈಲಾನ್ 66 ನೀರಲ್ಲೇ ಇದ್ದರೆ ತನ್ನ ತೂಕದ 8 ಶೇಕಡಕ್ಕಿಂತ ಹೆಚ್ಚು ನೀರು ಕುಡೀತದೆ, ಅಸಿಟಾಲ್ ಒಂದು ಶೇಕಡಾದ ಒಳಗೆ. ಟ್ಯೂಬಿನ ಒಳಗೆ ಹೊರಕ್ಕೆ ಉಬ್ಬಲಿಕ್ಕೆ ಜಾಗ ಇಲ್ಲ, ಹಾಗಾಗಿ ತೂತೇ ಕಿರಿದಾಗ್ತದೆ. ಮನೆಯಲ್ಲಿ ಕೈಯಲ್ಲಿ ತಿರುಗುವ ಶಾಫ್ಟ್ ನೀರಲ್ಲಿ ಒಂದು ದಿನ ಇಟ್ಟರೆ ಬಿಗಿ. ಎರಡನ್ನೂ ಗುರುತಿಸಲಿಕ್ಕೆ ಒಂದು ದಾರಿ: ಸಣ್ಣ ಚೂರು ಸುಟ್ಟು ನೋಡಿ. ಅಸಿಟಾಲ್ ಹೊಗೆ ಇಲ್ಲದೆ ನೀಲಿ ಬೆಂಕಿಯಲ್ಲಿ ಉರೀತದೆ, ಅದರ ಗಾಳಿ ಕಣ್ಣು ಮೂಗಿಗೆ ಚುರ್ ಅಂತದೆ. ಬಯಲಲ್ಲೇ ಮಾಡಿ, ಮೂಗು ಹತ್ತಿರ ಒಯ್ಯಬೇಡಿ, ಅದು ಫಾರ್ಮಾಲ್ಡಿಹೈಡ್. ನೈಲಾನ್ ಸುಟ್ಟರೆ ಕೂದಲು ಸುಟ್ಟ ವಾಸನೆ.

ಲೇತ್‌ಮನೆಯವರು ಹಿಂದಕ್ಕೆ ಬ್ರಾಂಜ್ ಅಂದರು. ಉಪ್ಪು ನೀರಿಗೆ ನನ್ನ ಆಯ್ಕೆ ಮೂರೂ ಅಸಿಟಾಲ್. ಲೋಹಕ್ಕೆ ಲೋಹ ತಾಗದಿದ್ದರೆ ಬೇರೆ ಬೇರೆ ಲೋಹಗಳ ನಡುವಿನ ಸವಕಳಿಯೂ ಇಲ್ಲ, ಗ್ರೀಸ್ ಮುಗಿದರೂ ಸ್ವಲ್ಪ ಹೊತ್ತು ನೀರೇ ಎಣ್ಣೆಯ ಕೆಲಸ ಮಾಡ್ತದೆ. ಒಂದು ಅಡಿ ರಾಡಿನಲ್ಲಿ ಇಪ್ಪತ್ತರ ಹತ್ತಿರ ಬುಷ್ ಆಗ್ತದೆ, ಮಳೆಗಾಲ ಮುಗಿದ ಕೂಡ್ಲೆ ಹಿಂದಿನದ್ದನ್ನು ಬದಲಿಸಿದರಾಯ್ತು.

---

ಲೇತ್‌ಮನೆ ಉತ್ತರ:

ಉಪ್ಪು ನೀರಿನ ಮಾತು ಒಪ್ಪಿದೆ. ಆದರೆ ಮರಳಿನ ವಿಷಯ ಸೇರಿಸುತ್ತೇನೆ. ಮೆತ್ತನೆ ಬುಷ್ಷಿನಲ್ಲಿ ಮರಳಿನ ಕಣ ಹೂತು ಕೂರುತ್ತೆ. ಕೂತ ಕಣ ಅಲ್ಲಾಡುವುದಿಲ್ಲ, ಅಲ್ಲಿಂದಲೇ ತಿರುಗುವ ಶಾಫ್ಟನ್ನು ಕೊರೆಯುತ್ತೆ. ಕೆರೆಏರಿಯವರ ಶಾಫ್ಟಿನ ಮೇಲೆ ಸುತ್ತಲೂ ಬಿದ್ದ ಗೀರು ಅದೇ. ಬುಷ್ಷಿಗಿಂತ ಗಟ್ಟಿ ಇರುವ ಸ್ಟೀಲ್ ಸವೆದು, ಮೆತ್ತನೆ ಹಿತ್ತಾಳೆ ಉಳಿಯುವುದು ಹೀಗೆ. ಅಸಿಟಾಲ್ ಹಿತ್ತಾಳೆಗಿಂತಲೂ ಮೆತ್ತಗೆ. ಕೆಸರು, ಮರಳು ಇರುವ ದಡದಲ್ಲಿ ಫಾಸ್ಫರ್ ಬ್ರಾಂಜ್ ಹೆಚ್ಚು ಬಾಳುತ್ತೆ, ಗ್ರೀಸ್ ಒಳಗಿಂದ ಹೊರಕ್ಕೆ ತಳ್ಳುತ್ತಿದ್ದರೆ. ಆಳದ ತಿಳಿನೀರಿಗೆ ಅಸಿಟಾಲ್ ಹಾಕಿ, ನನ್ನ ತಕರಾರಿಲ್ಲ.

ಗೀರು ಬಿದ್ದ ಆ ಶಾಫ್ಟನ್ನು ಹೊಸ ಬುಷ್ಷಿಗೆ ಹಾಕಬೇಡಿ. ಹೊಸ ರಾಡ್ ತೆಗೆದುಕೊಳ್ಳಿ, ಗ್ರೌಂಡ್ ಮಾಡಿದ್ದು, ಎಚ್6 (ಅಳತೆಯ ನಿಖರತೆ ದರ್ಜೆ) ಅಂತ ಕೇಳಿ. ಅದು 3.992ರಿಂದ 4.000ದೊಳಗೆ ಇರುತ್ತೆ. ಕೋಲ್ಡ್ ಡ್ರಾ ರಾಡ್ ಕೊಟ್ಟರೆ ಮೈಕ್ರೊಮೀಟರ್ ಇಟ್ಟು ಮೂರು ಕಡೆ ಅಳೆಯಿರಿ, ಗಾಜಿನ ಮೇಲೆ ಉರುಳಿಸಿ ಕೆಳಗೆ ಬೆಳಕು ಕಾಣುತ್ತಾ ನೋಡಿ.

---

ಕೆರೆಏರಿ ಉತ್ತರ:

ಲೆಕ್ಕ ಹಾಕಿ ತೋರಿಸಿದ್ದಕ್ಕೆ ತುಂಬ ಧನ್ಯವಾದ. ನಡುವಿನ ಬುಷ್ ಹಾಕುತ್ತೇನೆ. ಟ್ಯೂಬ್ ಆಗಲೇ ಹಲ್‌ಗೆ ಎಪಾಕ್ಸಿಯಲ್ಲಿ ಕೂತಿದೆ, ಹಳೆ ಬುಷ್ ತೆಗೆಯುವುದು ಹೇಗೆ? ನಡುವಿನದನ್ನು ಅಷ್ಟು ಒಳಗೆ ನಿಲ್ಲಿಸುವುದು ಹೇಗೆ? ಸಂದು ಎಷ್ಟು ಬಿಡಬೇಕು? ಗ್ರೀಸ್ ತುಂಬಲು ಮೇಲೆ ಸಣ್ಣ ಟ್ಯೂಬ್ ಬೆಸೆಯುತ್ತಾರಲ್ಲ, ಅದು ಈಗ ಸಾಧ್ಯವಾ? ಮತ್ತೆ ಕೆಲವರು ಸಿಂಟರ್ಡ್ ಬುಷ್ ಅಂತಾರೆ, ಟೇಬಲ್ ಫ್ಯಾನಿನಲ್ಲಿ ಇರುವಂಥದ್ದು. ಅದು ಹೇಗೆ?

---

ಲೇತ್‌ಮನೆ ಉತ್ತರ:

ಹಳೆ ಬುಷ್: ಒಳತುದಿಯದು ಬಂದ ಮೇಲೆ ಹಿಂದಿನದನ್ನು ಒಳಗಿಂದ 6 ಮಿ.ಮೀ. ರಾಡ್ ಹಾಕಿ ಹೊರಕ್ಕೆ ತಟ್ಟುವುದು ಸುಲಭ, ಆದರೆ ಹಲ್ ಒಳಗೆ ಅಷ್ಟು ಉದ್ದದ ರಾಡಿಗೆ ಜಾಗ ಇರಬೇಕು. ಒಳತುದಿಯದಕ್ಕೆ, ಜಾಗ ಇಲ್ಲದಿದ್ದರೆ ಎರಡಕ್ಕೂ, ಬುಷ್ ತೂತನ್ನು 4.2 ಡ್ರಿಲ್ಲಿನಿಂದ ಹಿಗ್ಗಿಸಿ ಎಂ5 ಟ್ಯಾಪ್ ಹೊಡೆಯಿರಿ. ಟ್ಯೂಬಿನ ತುದಿಗೆ 10 ಮಿ.ಮೀ. ಒಳವ್ಯಾಸದ ಒಂದು ಪೈಪ್ ತುಂಡು, ಅದರ ಮೇಲೆ ದಪ್ಪ ವಾಷರ್ ಇಟ್ಟು ಎಂ5 ಬೋಲ್ಟ್ ಬಿಗಿಯಿರಿ. ಪೈಪ್ ಹಲ್‌ಗೆ ಒತ್ತದಂತೆ ಕೆಳಗೆ ರಬ್ಬರ್ ತುಂಡು ಕೊಡಿ. ಬುಷ್ ತಾನಾಗಿ ಮೇಲೆ ಬರುತ್ತೆ. ಬರದಿದ್ದರೆ ಲಾಕ್‌ಟೈಟ್ ಅಂಟಿನಲ್ಲಿ ಕೂರಿಸಿದ್ದಾರೆ ಅಂತ ಅರ್ಥ, ಸೋಲ್ಡರಿಂಗ್ ಐರನ್ ಬೋಲ್ಟಿನ ತಲೆಗೆ ಒತ್ತಿ ಹಿಡಿದು ಬಿಸಿ ಮಾಡಿ. ಟ್ಯೂಬಿಗೆ ಬ್ಲೋಟಾರ್ಚ್ ಹಿಡಿದರೆ ಎಪಾಕ್ಸಿ ಬಿಡುತ್ತೆ, ಅದು ಬೇಡ.

ಗ್ರೀಸ್ ಟ್ಯೂಬನ್ನು ಎಲ್ಲಕ್ಕಿಂತ ಮೊದಲು ಬೆಸೆಯಿರಿ. ಅಸಿಟಾಲ್ 165–175 ಡಿಗ್ರಿಗೇ ಕರಗುತ್ತೆ, ಸೋಲ್ಡರ್ ಕರಗಲು 183ಕ್ಕಿಂತ ಹೆಚ್ಚು ಬೇಕು. ಬುಷ್ ಹಾಕಿದ ಮೇಲೆ ಬೆಸೆದರೆ ನಡುವಿನ ಬುಷ್ ಹೋಯಿತು. ಜಾಗ: ಒಳತುದಿಯಿಂದ 80–100 ಮಿ.ಮೀ., ನಡುವಿನ ಬುಷ್ಷಿನ ಮೇಲೆ ಬರಬಾರದು. 3 ಮಿ.ಮೀ. ತೂತು ಕೊರೆದು ಒಳಗಿನ ಚೂಪು ಅಂಚನ್ನು ಗುಂಡನೆ ಕಡ್ಡಿಗೆ ಮರಳು ಕಾಗದ ಸುತ್ತಿ ಉಜ್ಜಿ ತೆಗೆಯಿರಿ, ಇಲ್ಲದಿದ್ದರೆ ಬುಷ್ ತಳ್ಳುವಾಗ ಅದೇ ಗೀರಿ ಹಾಕುತ್ತೆ. 4 ಅಥವಾ 5 ಮಿ.ಮೀ. ಹಿತ್ತಾಳೆ ಟ್ಯೂಬ್ ಬೆಸೆದು ಬಾಯಿ ನೀರಿನ ಮಟ್ಟಕ್ಕಿಂತ 25 ಮಿ.ಮೀ. ಮೇಲೆ ಇರುವಂತೆ ಕತ್ತರಿಸಿ. ಎಪಾಕ್ಸಿ ಹತ್ತಿರವಿದ್ದು ಬಿಸಿ ಮಾಡಲು ಹೆದರಿಕೆಯಾದರೆ ಟ್ಯೂಬಿನ ಅರ್ಧ ಸುತ್ತು ಹಿಡಿಯುವ ಹಿತ್ತಾಳೆ ತೊಟ್ಟಿಲು ಮಾಡಿ ಅದನ್ನೇ ಎಪಾಕ್ಸಿಯಿಂದ ಅಂಟಿಸಿ. ಒತ್ತಡ ಏನೂ ಇಲ್ಲ, ನಿಲ್ಲುತ್ತೆ.

ನಡುವಿನ ಬುಷ್: ಅಸಿಟಾಲ್ 10 ಮಿ.ಮೀ. ಉದ್ದ, ಹೊರವ್ಯಾಸ 6.95ರಿಂದ 7.00, ಕೈಯಿಂದ ಒತ್ತಿದರೆ ಬಿಗಿಯಾಗಿ ಜಾರುವಂತಿರಲಿ. ಹೊರಮೈಗೆ ಉದ್ದಕ್ಕೂ ಎದುರುಬದುರು ಎರಡು ಕಡೆ 1 ಮಿ.ಮೀ. ಆಳ ಅರದಿಂದ ಚಪ್ಪಟೆ ಮಾಡಿ. ಈ ದಾರಿ ಬಿಡದಿದ್ದರೆ ಗ್ರೀಸ್ ಹಿಂದಿನ ಅರ್ಧಕ್ಕೆ ಹೋಗುವುದೇ ಇಲ್ಲ, ಒಳಗೆ ತುಂಬಿದ ಗ್ರೀಸೆಲ್ಲ ಮೋಟರ್ ಕಡೆಗೇ ಬರುತ್ತೆ. ಅಸಿಟಾಲಿಗೆ ಲಾಕ್‌ಟೈಟ್ ಹಿಡಿಯುವುದಿಲ್ಲ. 6 ಮಿ.ಮೀ. ರಾಡಿನ ಮೇಲೆ ಅಳತೆ ಗುರುತು ಮಾಡಿ ತಳ್ಳಿ, ಹಲ್ ಒಳಗೆ ಟ್ಯೂಬ್ ಕಾಣುವ ಕಡೆ ಸೆಂಟರ್ ಪಂಚ್‌ನಿಂದ ಬುಷ್ ಮೇಲೆ ಒಂದೇ ಒಂದು ಮೆತ್ತನೆ ಏಟು ಹಾಕಿ. ಟ್ಯೂಬಿನ ಕೆಳಗೆ ಮರದ ತುಂಡು ಒತ್ತಾಗಿ ಕೊಡಿ. ಏಟು ಜೋರಾದರೆ ಬುಷ್ ಒಳಗೆ ಬಾಗಿ ಶಾಫ್ಟನ್ನು ಹಿಡಿಯುತ್ತೆ, ಆದ್ದರಿಂದ ಶಾಫ್ಟ್ ಒಳಗಿಟ್ಟುಕೊಂಡೇ ಹೊಡೆಯಿರಿ, ಹೊಡೆದ ಕೂಡಲೇ ತಿರುಗಿಸಿ ನೋಡಿ. ನಡುವಿನ ಜಾಗ ಪೂರ್ತಿ ಹಲ್‌ನ ದಪ್ಪದೊಳಗೆ ಮುಚ್ಚಿಹೋಗಿದ್ದರೆ ಹೊಡೆಯಲು ಸಿಗುವ ಕಡೆಗೆ 20–30 ಮಿ.ಮೀ. ಸರಿಸಿ. 175 ಮಿ.ಮೀ. ದೂರ ಉಳಿದರೂ 15,000 ಸಿಗುತ್ತೆ.

ಸಂದು: ಬ್ರಾಂಜಿಗೆ ವ್ಯಾಸದಲ್ಲಿ 0.02ರಿಂದ 0.04 ಮಿ.ಮೀ. ಅಸಿಟಾಲಿಗೆ 0.05ರಿಂದ 0.08, ಯಾಕೆಂದರೆ ಬಿಸಿಗೆ ಅದು ಸ್ಟೀಲಿಗಿಂತ ಆರೇಳು ಪಟ್ಟು ಹೆಚ್ಚು ಹಿಗ್ಗುತ್ತೆ, ಹೊರಗೆ ಹಿತ್ತಾಳೆ ಟ್ಯೂಬ್ ಹಿಡಿದಿರುವುದರಿಂದ ಒಳಕ್ಕೇ ಮುಚ್ಚುತ್ತೆ. ಬ್ರಾಂಜ್ ಬುಷ್ಷಿಗೆ 3.8 ಡ್ರಿಲ್ ಹಾಕಿ 4 ಎಚ್7 ರೀಮರ್ (ತೂತನ್ನು ನಿಖರ ಅಳತೆಗೆ ತರುವ ಉಪಕರಣ) ಓಡಿಸಿ. ಅದು 4.000–4.012 ಕೊಡುತ್ತೆ. ಎಚ್6 ರಾಡಿನ ಜೊತೆ ಸಂದು ಸಾಲದಿದ್ದರೆ ಮರದ ಕಡ್ಡಿಗೆ 1200 ನಂಬರ್ ಎಮರಿ ಸುತ್ತಿ ನಾಲ್ಕು ಸುತ್ತು, ಸೀಮೆಎಣ್ಣೆಯಲ್ಲಿ ಚೆನ್ನಾಗಿ ತೊಳೆಯಿರಿ. ಎಮರಿ ಪುಡಿ ಉಳಿದರೆ ಮರಳಿನಷ್ಟೇ ಹಾಳು. ಬುಷ್ಷನ್ನು ಒತ್ತಿ ಕೂರಿಸಿದರೆ ತೂತು ಸ್ವಲ್ಪ ಕುಗ್ಗುತ್ತೆ, ಹಾಗಾಗಿ ಕೂರಿಸಿದ ಮೇಲೆ ಇನ್ನೊಮ್ಮೆ ರೀಮರ್ ಹಾಯಿಸಿ. ಒತ್ತುವ ಬದಲು ಸಡಿಲ ಜಾರುವಂತೆ ಮಾಡಿ ಲಾಕ್‌ಟೈಟ್ 641 ಹಚ್ಚುವುದು ಮೇಲು, ಮುಂದೆ ಬಿಚ್ಚಬಹುದು. 638 ಹಾಕಿದರೆ ಬಿಸಿ ಮಾಡದೆ ಬರುವುದಿಲ್ಲ. ಅಸಿಟಾಲಿಗೆ ರೀಮರ್ ಬೇಡ, 4.1 ಡ್ರಿಲ್ ಸಾಕು. ಪ್ಲಾಸ್ಟಿಕ್ ಡ್ರಿಲ್ ಹೊರಬಂದ ಮೇಲೆ ಕುಗ್ಗಿ 4.05ರ ಸುತ್ತ ನಿಲ್ಲುತ್ತೆ.

ಹಿಂದಿನ ಬುಷ್ಷಿಗೆ 8 ಮಿ.ಮೀ. ವ್ಯಾಸದ, 1 ಮಿ.ಮೀ. ದಪ್ಪದ ಭುಜ ಬಿಡಿಸಿ. ಮುಂದೆ ಹೋಗುವಾಗ ಪ್ರೊಪೆಲ್ಲರ್ ಶಾಫ್ಟನ್ನು ಹಲ್ ಒಳಕ್ಕೆ ತಳ್ಳುತ್ತೆ, ಆ ತಳ್ಳು ಬುಷ್ಷಿನ ಮುಖದ ಮೇಲೆ ಬರುತ್ತೆ. 50 ಮಿ.ಮೀ. ಪ್ರೊಪೆಲ್ಲರ್ 4,000 ಆರ್‌ಪಿಎಂಗೆ 7 ನ್ಯೂಟನ್ ಆಸುಪಾಸು ತಳ್ಳುತ್ತೆ. ಭುಜ ಇಲ್ಲದಿದ್ದರೆ ಬುಷ್ ನಿಧಾನಕ್ಕೆ ಒಳಗೆ ಹೋಗುತ್ತೆ. ಭುಜದಿಂದ ಹೊರಕ್ಕೆ ಕ್ರಮ ಹೀಗೆ: 1 ಮಿ.ಮೀ. ಪಿಟಿಎಫ್‌ಇ (ಟೆಫ್ಲಾನ್) ವಾಷರ್, ಸ್ಟೇನ್‌ಲೆಸ್ ವಾಷರ್, ಲಾಕ್ ನಟ್, ಪ್ರೊಪೆಲ್ಲರ್.

ಒಂದು ವಿಷಯ ದಯವಿಟ್ಟು ನೋಡಿಕೊಳ್ಳಿ, ಎಂ4 ಥ್ರೆಡ್ ಬುಷ್ ಒಳಗೆ ಒಂದು ಎಳೆಯಷ್ಟೂ ಹೋಗಬಾರದು. ಥ್ರೆಡ್ ಅಂದರೆ ಅರವೇ, ಹೊಸ ಬುಷ್ಷನ್ನು ಬಹಳ ಬೇಗ ಅಗಲ ಮಾಡುತ್ತೆ. ನಟ್ ಥ್ರೆಡ್ಡಿನ ಕೊನೆಗೆ ಬಂದು ತಾನೇ ನಿಲ್ಲಲಿ, ಅಲ್ಲಿಂದ ಬುಷ್ ಮುಖದವರೆಗಿನ ಜಾಗವನ್ನು ವಾಷರ್ ತುಂಬಲಿ. ಒಳತುದಿಗೆ 4 ಮಿ.ಮೀ. ಕಾಲರ್, ಅದರ ಗ್ರಬ್ ಸ್ಕ್ರೂ ಕೂರಲು ಶಾಫ್ಟಿನ ಮೇಲೆ ಅರದಿಂದ ಸಣ್ಣ ಚಪ್ಪಟೆ. ಹಿಂದೆ ಮುಂದೆ ಎಳೆದರೆ 0.2–0.3 ಮಿ.ಮೀ. ಪ್ಲೇ ಇರಲಿ. ಕಪ್ಲಿಂಗ್‌ನಲ್ಲಿ 1 ಮಿ.ಮೀ. ಸಂದು ಬಿಡಿ, ತಳ್ಳು ಮೋಟರಿಗೆ ಹೋಗಬಾರದು. ಔಟ್‌ರನ್ನರ್‌ನಲ್ಲಿ ಆ ತಳ್ಳನ್ನು ತಡೆಯಲು ಇರುವುದು ಒಂದು ತೆಳು ಸರ್‌ಕ್ಲಿಪ್ ಮಾತ್ರ.

ಗ್ರೀಸ್: ನಿಮ್ಮ ಟ್ಯೂಬಿನಲ್ಲಿ ಶಾಫ್ಟ್ ಸುತ್ತಲಿನ ಜಾಗಕ್ಕೆ ಸುಮಾರು 7 ಮಿ.ಲೀ. ಹಿಡಿಸುತ್ತೆ. 10 ಮಿ.ಲೀ. ಸಿರಿಂಜ್ ತೆಗೆದುಕೊಂಡು ಹಿಂದಿನ ಬುಷ್ಷಿನಲ್ಲಿ ಉಂಗುರದಂತೆ ಗ್ರೀಸ್ ಹೊರಬರುವವರೆಗೆ ತಳ್ಳಿ. ಬೈಕ್ ಅಂಗಡಿಯ ಎಪಿ-3 ಬೇಡ, ಅದು ಗಟ್ಟಿತನದಲ್ಲಿ 3ನೇ ದರ್ಜೆ, ತುಂಬ ಗಟ್ಟಿ, 4 ಮಿ.ಮೀ. ಶಾಫ್ಟ್ ಅದನ್ನು ಒಮ್ಮೆ ಕೊರೆದು ಸುರಂಗ ಮಾಡಿಕೊಂಡು ಒಣಗೇ ತಿರುಗುತ್ತೆ, ಸುತ್ತ ಇರುವ ಗ್ರೀಸ್ ಒಳಕ್ಕೆ ಜಾರುವುದಿಲ್ಲ. 0 ಅಥವಾ 1ನೇ ದರ್ಜೆಯ ಕ್ಯಾಲ್ಸಿಯಂ ಗ್ರೀಸ್ ಒಳ್ಳೆಯದು, ನೀರಿಗೆ ತೊಳೆದುಹೋಗುವುದು ಕಡಿಮೆ. ಪ್ರತಿ ಸಲ ಓಡಿಸುವ ಮೊದಲು ಅರ್ಧ ಮಿ.ಲೀ. ತಳ್ಳಿದರೆ ಹಿಂದಿನ ಬುಷ್ಷಿನ ಕೊಳೆ ಹೊರಕ್ಕೆ ಬರುತ್ತೆ. ಕೆರೆಗೆ ಬೀಳುವಷ್ಟು ತುಂಬಬೇಡಿ, ಹೊರಬಂದಿದ್ದನ್ನು ಬಟ್ಟೆಯಲ್ಲಿ ಒರೆಸಿ.

ಸಿಂಟರ್ಡ್ ಬುಷ್ ಒಳ್ಳೆಯ ವಸ್ತು, ಆದರೆ ಒಳತುದಿಗೆ ಮಾತ್ರ. ಅದರ ಮೈಯಲ್ಲಿ ಐದನೇ ಒಂದು ಭಾಗದಷ್ಟು ಬರೀ ರಂಧ್ರ, ಎಣ್ಣೆ ಹಿಡಿದಿಡಲು. ಅದಕ್ಕೆ ಗ್ರೀಸ್ ಹಚ್ಚಿದರೆ ಬಾಯಿ ಮುಚ್ಚಿದಂತೆ, ಎಣ್ಣೆ ಮತ್ತೆ ಹೊರಬರುವುದಿಲ್ಲ. ಮೊಂಡು ರೀಮರ್ ಹಾಕಿದರೂ ಅಷ್ಟೆ, ಲೋಹ ಸವರಿ ರಂಧ್ರ ಮುಚ್ಚುತ್ತೆ. ಒಣಗಿದ ಬುಷ್ಷಿಗೆ ಎಣ್ಣೆ ತುಂಬುವುದು ಹೀಗೆ: ಹೆಬ್ಬೆರಳ ಮೇಲೆ ಬುಷ್ ನಿಲ್ಲಿಸಿ ತೂತಿಗೆ ಎಣ್ಣೆ ಬಿಟ್ಟು, ಮೇಲಿಂದ ತೋರುಬೆರಳಿಟ್ಟು ಜೋರಾಗಿ ಒತ್ತಿ. ಹೊರಮೈಯಲ್ಲಿ ಬೆವರಿನ ಹನಿಯಂತೆ ಎಣ್ಣೆ ಜಿನುಗಿದರೆ ತುಂಬಿದೆ ಅಂತ. ಜಿನುಗದಿದ್ದರೆ ರಂಧ್ರ ಮುಚ್ಚಿವೆ, ಎಸೆಯಿರಿ.

ಸಾಮಾನು ಬೆಂಗಳೂರಿನಲ್ಲಾದರೆ ಎಸ್‌ಜೆಪಿ ರಸ್ತೆಯ ಸುತ್ತಮುತ್ತ ಸಿಗುತ್ತೆ. ಲೇತ್ ಇಲ್ಲದಿದ್ದರೆ ಪೀಣ್ಯ ಕಡೆಯ ಸಣ್ಣ ಜಾಬ್ ವರ್ಕ್ ಶಾಪಿನವರಿಗೆ ನಕ್ಷೆ ಬರೆದು ಕೊಡಿ, ಜೊತೆಗೆ ನಿಮ್ಮ ಶಾಫ್ಟ್ ತುಂಡನ್ನೂ ಕೊಡಿ. ಅಳತೆ ಬರೆದು ಕೊಡುವುದಕ್ಕಿಂತ “ಇದು ಇದರಲ್ಲಿ ಹೀಗೆ ತಿರುಗಬೇಕು” ಅಂತ ಕೊಟ್ಟರೆ ಕೆಲಸ ಸರಿಯಾಗಿ ಬರುತ್ತೆ.

---

ನೀರ್‌ಬಾಣ ಉತ್ತರ:

ಇಲ್ಲಿ ಹೇಳಿದ್ದೆಲ್ಲ ನಿಧಾನದ ಬೋಟಿಗೆ ಸರಿ. ವೇಗದ ಬೋಟ್ ಇಟ್ಟುಕೊಂಡವರು ಓದಿ ಇದನ್ನೇ ಮಾಡಿಬಿಡಬಾರದು ಅಂತ ಬರೆಯುತ್ತಿದ್ದೇನೆ.

4.76 ಮಿ.ಮೀ. ಶಾಫ್ಟ್ 30,000 ಆರ್‌ಪಿಎಂಗೆ ತಿರುಗಿದರೆ ಮೇಲ್ಮೈ ವೇಗ ಸೆಕೆಂಡಿಗೆ ಏಳೂವರೆ ಮೀಟರ್. ಸಿಂಟರ್ಡ್ ಕಂಚಿನ ಮಿತಿ 6. ಅಲ್ಲಿ ಗ್ರೀಸ್ ತುಂಬಿದ ಉದ್ದ ಬುಷ್ ಶಕ್ತಿಯನ್ನೆಲ್ಲ ಬಿಸಿಯಾಗಿ ತಿಂದುಬಿಡುತ್ತೆ. ಅದಕ್ಕೇ ಆ ಬೋಟುಗಳಲ್ಲಿ ಪಿಟಿಎಫ್‌ಇ ಲೈನರ್ ಒಳಗೆ ಓಡುವ ಫ್ಲೆಕ್ಸ್ ಶಾಫ್ಟ್ (ಬಾಗುವ ಕೇಬಲ್ಲಿನ ಶಾಫ್ಟ್), ಹಿಂದೆ ಸ್ಟ್ರಟ್ (ಹಿಂತುದಿಯ ಆಧಾರ) ಒಳಗೆ ಪಿಟಿಎಫ್‌ಇ ಪದರ ಇರುವ ಬುಷ್. ಫ್ಲೆಕ್ಸ್ ಕೇಬಲ್ ಭಾರ ಬಿದ್ದಾಗ ಸುತ್ತಿಕೊಂಡು ಉದ್ದದಲ್ಲಿ ಕುಗ್ಗುತ್ತೆ, ಪ್ರೊಪೆಲ್ಲರ್ ಮುಂದಕ್ಕೆ ಬರುತ್ತೆ. ಸ್ಟ್ರಟ್‌ಗೂ ಡ್ರೈವ್ ಡಾಗ್‌ಗೂ (ಪ್ರೊಪೆಲ್ಲರನ್ನು ಹಿಡಿದು ತಿರುಗಿಸುವ ತುಂಡು) ನಡುವೆ 2–3 ಮಿ.ಮೀ. ಬಿಡದಿದ್ದರೆ ಪೂರ್ತಿ ಥ್ರೊಟಲ್‌ಗೆ ಅದು ಬುಷ್ ಮುಖಕ್ಕೆ ಒತ್ತಿ ಹಿಡಿದು ಇಎಸ್‌ಸಿ (ಮೋಟರಿನ ವೇಗ ನಿಯಂತ್ರಕ) ಸುಡುತ್ತೆ. ಪ್ರತಿ ಓಟದ ನಂತರ ಕೇಬಲ್ ಎಳೆದು ಒರೆಸಿ ಗ್ರೀಸ್ ಹಚ್ಚಬೇಕು, ಇದಕ್ಕೆ ವಿನಾಯಿತಿ ಇಲ್ಲ.

ಬಾಲ್ ಬೇರಿಂಗ್ ಪೂರ್ತಿ ಬೇಡ ಅನ್ನುವುದನ್ನು ಮಾತ್ರ ಒಪ್ಪುವುದಿಲ್ಲ. ಟ್ಯೂಬಿನ ಒಳತುದಿ ನೀರಿನ ಮಟ್ಟಕ್ಕಿಂತ ಮೇಲಿದ್ದರೆ ಅಲ್ಲಿ ಸ್ಟೇನ್‌ಲೆಸ್ ಎಂಆರ್74 2ಆರ್‌ಎಸ್ ಚೆನ್ನಾಗಿ ಕೆಲಸ ಮಾಡುತ್ತೆ. ಕಪ್ಲಿಂಗ್ ಪಕ್ಕದ ಬುಷ್ಷೇ ಎಲ್ಲಕ್ಕಿಂತ ಮೊದಲು ಮೊಟ್ಟೆ ಆಕಾರಕ್ಕೆ ಸವೆಯುವುದು, ಬಾಲ್ ಬೇರಿಂಗ್ ಅದನ್ನು ತಪ್ಪಿಸುತ್ತೆ. ಒಳತುದಿ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ಬೇಡ, ಬುಷ್ಷೇ ಇರಲಿ.

---

ಅಳಿವೆಬಾಗಿಲು ಉತ್ತರ:

ಒಳತುದಿಯ ಎತ್ತರದ ಮಾತು ಬಂದದ್ದು ಒಳ್ಳೆಯದಾಯ್ತು. ನೀರು ಬರುವುದಕ್ಕೆ ಮೂಲ ಕಾರಣ ಅದೇ. ಹಿಂತುದಿ 60 ಮಿ.ಮೀ. ಆಳದಲ್ಲಿದ್ದರೆ ಒತ್ತಡ ಅಷ್ಟೇ 60 ಮಿ.ಮೀ. ನೀರಿನದ್ದು. ಟ್ಯೂಬಿನ ಒಳಬಾಯಿ ಹೊರಗಿನ ನೀರಿಗಿಂತ 10 ಮಿ.ಮೀ. ಮೇಲಿದ್ದರೆ ಬುಷ್ ಎಷ್ಟೇ ಸವೆದಿದ್ದರೂ ನಿಂತ ಬೋಟಿಗೆ ನೀರು ಹತ್ತುವುದಿಲ್ಲ. ಟ್ರಾಲ್ ಬೋಟಲ್ಲಿ ಮೋಟರ್ ತಗ್ಗಿನಲ್ಲಿ ಕೂರುವುದರಿಂದ ಹೆಚ್ಚಿನವರದ್ದು ಕೆಳಗೇ ಇರ್ತದೆ. ಬ್ಯಾಟರಿ, ಸೀಸದ ತೂಕ ಎಲ್ಲ ಹಾಕಿ ತೇಲಿಸಿ, ಹಲ್‌ನ ಹೊರಗೆ ನೀರಿನ ಗೆರೆ ಹಾಕಿಕೊಂಡು ಒಳಗೆ ಅಳೆದು ನೋಡಿ. ಕೆಳಗಿದ್ದರೆ ಒಳಗಿನ ಬುಷ್ಷನ್ನೂ 12 ಮಿ.ಮೀ. ಉದ್ದ ಮಾಡಿಸಿ, ಗ್ರೀಸ್ ಖಾಲಿ ಬಿಡಬೇಡಿ.

---

ಕೆರೆಏರಿ ಉತ್ತರ:

ಅಳೆದೆ. ಒಳತುದಿ ನೀರಿನ ಮಟ್ಟಕ್ಕಿಂತ 15 ಮಿ.ಮೀ. ಕೆಳಗಿದೆ. ಹಾಗಾದರೆ ಮೂರೂ ಬುಷ್ಷೇ, ಎರಡೂ ತುದಿಗೆ 12 ಮಿ.ಮೀ. ಬ್ರಾಂಜ್, ನಡುವೆ ಅಸಿಟಾಲ್, 316 ರಾಡ್, 2 ಸೆಲ್. ಕೊನೆಯ ಪ್ರಶ್ನೆ: ಎಲ್ಲ ಜೋಡಿಸಿದ ಮೇಲೆ ಸರಿ ಕೂತಿದೆ ಅಂತ ತಿಳಿಯುವುದು ಹೇಗೆ?

---

ಲೇತ್‌ಮನೆ ಉತ್ತರ:

ಮೋಟರ್ ಕೂರಿಸುವಾಗ ಯೂನಿವರ್ಸಲ್ ಜಾಯಿಂಟ್ ಹಾಕಿಕೊಂಡು ಕೂರಿಸಬೇಡಿ, ಅದು ಓರೆಯನ್ನು ಮುಚ್ಚಿಡುತ್ತೆ. ಮೋಟರ್ ಶಾಫ್ಟಿಗೂ ಪ್ರೊಪೆಲ್ಲರ್ ಶಾಫ್ಟಿಗೂ ಸರಿಯಾಗಿ ಜಾರುವ ತೂತಿನ ಹಿತ್ತಾಳೆ ತುಂಡು, 40 ಮಿ.ಮೀ. ಉದ್ದದ್ದು, ಎರಡನ್ನೂ ಸೇರಿಸಿ ಹಾಕಿ. ಮೌಂಟಿನ ಕೆಳಗೆ ಎಪಾಕ್ಸಿ ಹಾಕಿ ಹಾಗೇ ಗಟ್ಟಿಯಾಗಲು ಬಿಡಿ. ಆಮೇಲೆ ತುಂಡು ತೆಗೆದು ಜಾಯಿಂಟ್ ಹಾಕಿ. ತುಂಡು ಬೆರಳಿನಿಂದ ಸಲೀಸಾಗಿ ಹಿಂದೆ ಮುಂದೆ ಜಾರಬೇಕು. ಇಕ್ಕಳ ಬೇಕಾಯಿತು ಅಂದರೆ ಮೌಂಟ್ ಓರೆಯಾಗಿದೆ.

ನಂತರ ವಾಟ್‌ಮೀಟರ್. ಮೊದಲು ಮೋಟರ್ ಒಂದೇ, ಅರ್ಧ ಥ್ರೊಟಲ್, ಕರೆಂಟ್ ಬರೆದಿಟ್ಟುಕೊಳ್ಳಿ. ಆಮೇಲೆ ಶಾಫ್ಟ್ ಜೋಡಿಸಿ, ಗ್ರೀಸ್ ಇಲ್ಲದೆ ಎರಡು ಹನಿ ತೆಳು ಎಣ್ಣೆ ಹಾಕಿ, ಪ್ರೊಪೆಲ್ಲರ್ ಇಲ್ಲದೆ. 0.2–0.3 ಆಂಪಿಯರ್ ಹೆಚ್ಚಿದರೆ ಸರಿ. ಒಂದು ಆಂಪಿಯರ್ ಹೆಚ್ಚಿದರೆ ಎಲ್ಲೋ ಹಿಡಿಯುತ್ತಿದೆ. ಮೌಂಟ್ ಸ್ಕ್ರೂಗಳನ್ನು ಒಂದೊಂದಾಗಿ ಸಡಿಲಿಸಿ. ಯಾವುದನ್ನು ಬಿಟ್ಟಾಗ ಕರೆಂಟ್ ಇಳಿಯುತ್ತೋ ಅದರ ಕೆಳಗೆ 0.1ರ ತಗಡು ಕೊಡಿ. ಸ್ಕ್ರೂ ಬಿಟ್ಟರೂ ಇಳಿಯದಿದ್ದರೆ ನಡುವಿನ ಬುಷ್ಷನ್ನೇ ನೋಡಬೇಕು, ಪಂಚ್ ಏಟು ಜೋರಾಗಿರುತ್ತೆ. ಎಲ್ಲ ಸರಿ ಅನ್ನಿಸಿದ ಮೇಲೆ ಗ್ರೀಸ್ ತುಂಬಿ, ಕರೆಂಟ್ ಮತ್ತೆ ನೋಡಿ. ಶುರುವಿನಲ್ಲಿ ಏರಿ, ಒಂದೆರಡು ನಿಮಿಷಕ್ಕೆ ಇಳಿದು ನಿಲ್ಲಬೇಕು. ಏರುತ್ತಲೇ ಹೋದರೆ ಗ್ರೀಸ್ ಗಟ್ಟಿ, ಇಲ್ಲವೇ ಅಸಿಟಾಲ್ ಬಿಸಿಯಾಗಿ ಮುಚ್ಚುತ್ತಿದೆ; ತಕ್ಷಣ ನಿಲ್ಲಿಸಿ, ನಡುವಿನ ಬುಷ್ ಇರುವ ಕಡೆ ಟ್ಯೂಬನ್ನು ಮುಟ್ಟಿ ನೋಡಿ.

ಎರಡು ಮೂರು ಗಂಟೆ ಓಡಿಸಿದ ಮೇಲೆ ಒಮ್ಮೆ ಶಾಫ್ಟ್ ತೆಗೆದು ಬುಷ್ಷಿನ ತೂತನ್ನು ಬೆಳಕಿಗೆ ಹಿಡಿಯಿರಿ. ಹೊಳಪು ಸುತ್ತಲೂ ಒಂದೇ ಸಮ ಇದ್ದರೆ ಚೆನ್ನಾಗಿದೆ. ಒಳಗಿನ ಬುಷ್ಷಿನಲ್ಲಿ ಒಂದೇ ಪಕ್ಕ ಹೊಳೆದರೆ ಮೋಟರ್ ಆ ಪಕ್ಕಕ್ಕೆ ಎಳೆಯುತ್ತಿದೆ. ಹಿಂದಿನ ಬುಷ್ಷಿನ ಹೊರಬಾಯಿ ಮಾತ್ರ ಅಗಲವಾಗಿದ್ದರೆ ಪ್ರೊಪೆಲ್ಲರ್ ಸಮತೋಲನ ತಪ್ಪಿದೆ. ಆಗ ಬುಷ್ ಬದಲಿಸುವ ಮೊದಲು ಪ್ರೊಪೆಲ್ಲರನ್ನು 4 ಮಿ.ಮೀ. ರಾಡಿನ ಮೇಲೆ ಹಾಕಿ, ಆ ರಾಡನ್ನು ಎರಡು ಹರಿತ ಬ್ಲೇಡಿನ ಅಂಚಿನ ಮೇಲೆ ಇಟ್ಟು, ಕೆಳಗೆ ಬರುವ ಎಲೆಯ ಹಿಂಬದಿಯನ್ನು ಉಜ್ಜಿ ಸರಿಮಾಡಿ.